ಹುಂಜ ನುಂಗಿದ ಮಾತ್ರೆ

ಗರಡಿಮನೆಯ ಹುಂಜ ಕಲಿಮಲ್ಲನಿಗೆ ಕಾಲುನೋವು. ಪೈಲ್ವಾನರು ಗೋಡೆಯ ಗೂಡಿನಲ್ಲಿಟ್ಟಿದ್ದ ಅಫೀಮು ಜಾತಿಯ ನೋವಿನ ಮಾತ್ರೆಯನ್ನು ದಿನಾ ಕದ್ದು ನುಂಗಿದ. ನೋವು ಮಾಯವಾಯಿತು. ತಿಂಗಳು ಕಳೆಯುವಷ್ಟರಲ್ಲಿ ಜುಟ್ಟಿನ ಕೆಂಪು ಮಾಸಿ, ಕೂಗು ಗಂಟಲಲ್ಲೇ ಉಳಿಯಿತು.

"ಆಗೆಲ್ಲ ನಿಮ್ಮ ಕೂಗಿಗೆ ಇಡೀ ಗರಡಿ ಏಳುತ್ತಿತ್ತು, ನಾನೂ ಮನಸೋತಿದ್ದೆ," ಎಂದಳು ಹೇಂಟೆ ಚುಕ್ಕಮ್ಮ. "ಈಗ ಪಕ್ಕದಲ್ಲಿದ್ದರೂ ಇದ್ದೀರೋ ಇಲ್ಲವೋ ತಿಳಿಯೋದಿಲ್ಲ ಕಣ್ರೀ."

ಹುಂಜ ಮಾತ್ರೆಯನ್ನು ಗದರಿದ: "ನೋವನ್ನು ಸುಮ್ಮನಾಗಿಸು ಅಂದರೆ ನನ್ನ ಗಂಡಸುತನವನ್ನೂ ಸುಮ್ಮನಾಗಿಸಿದೆಯಲ್ಲೋ!"

"'ಸುಮ್ಮನಿರು' ಅನ್ನೋದೊಂದೇ ನನಗೆ ಬರೋ ಮಾತು ಸ್ವಾಮಿ," ಎಂದಿತು ಮಾತ್ರೆ. "ದಿನಾ ಹೇಳಿಸಿದಿರಿ. ಒಳಗಿದ್ದ ಗಂಡು ಹಾರ್ಮೋನೂ ಕೇಳಿಸಿಕೊಂಡಿತೇನೋ."

ಮಾತ್ರೆ ಬಿಟ್ಟು ಎಷ್ಟೋ ದಿನಗಳಾದ ಮೇಲೆ ಕಲಿಮಲ್ಲ ಕುಂಟುತ್ತ ಗೋಡೆ ಹತ್ತಿ ಹಳೆಯ ಗಂಟಲಲ್ಲಿ ಕೂಗಿದ.

"ನೋಯ್ತಾ?" ಎಂದಳು ಚುಕ್ಕಮ್ಮ.

"ಜೋರಾಗೇ ನೋಯ್ತು ಕಣೇ," ಎಂದು ಹುಂಜ ಹೆಮ್ಮೆಯಿಂದ ಜುಟ್ಟು ಕೊಡವಿದ.