ನೇಗಿಲನ್ನು ಕೇಳಿದ ಕುರ್ಚಿ

ಹೊಸದಾಗಿ ಸ್ವತಂತ್ರವಾದ ಅಮೆರಿಕದಲ್ಲಿ ಅಧ್ಯಕ್ಷರ ಕುರ್ಚಿಗೆ ಒಂದೇ ಚಿಂತೆ: ಕೂತವರು ಏಳದಿದ್ದರೆ? ರೋಮಿನಿಂದ ಹಡಗಿನಲ್ಲಿ ಬಂದಿದ್ದ ಹಳೇ ನೇಗಿಲನ್ನು ಅದು ಕೇಳಿತು: "ಅಜ್ಜಾ, ಯುದ್ಧ ಬಂದಾಗ ನಿಮ್ಮ ರೈತ ಯಜಮಾನರಿಗೆ ರೋಮ್ ಸರ್ವಾಧಿಕಾರ ಕೊಟ್ಟಿತ್ತಂತೆ. ಹದಿನಾರೇ ದಿನದಲ್ಲಿ ಯುದ್ಧ ಗೆದ್ದು, ಅಧಿಕಾರ ಬಿಟ್ಟು ಹೊಲಕ್ಕೆ ಬಂದರಂತೆ. ಅಲ್ಲಿನ ಕುರ್ಚಿ ಅವರನ್ನು ಹೇಗೆ ಎಬ್ಬಿಸಿತು?"

"ಕುರ್ಚಿಯಿಂದ ಏನಾಗುತ್ತೆ ಮಗಾ? ಅರ್ಧ ಉತ್ತ ಹೊಲದಲ್ಲಿ ನನ್ನನ್ನು ಬಿಟ್ಟುಹೋಗಿದ್ದರು. ಆ ಹೊಲವೇ ಅವರನ್ನು ಕೂರಲು ಬಿಡಲಿಲ್ಲ. ಬಂದವರ ಕಾಲಲ್ಲಿ ಮಣ್ಣಿದೆಯಾ, ನೋಡಿಕೋ."

ಮೊದಮೊದಲು ಬಂದವರ ಬೂಟಿನಲ್ಲಿ ಮಣ್ಣಿತ್ತು. ಅವಧಿ ಮುಗಿಯುತ್ತಲೇ ಎದ್ದು ಊರಿಗೆ ಹೋದರು. ಕುರ್ಚಿ ನಿಶ್ಚಿಂತೆಯಾಗಿತ್ತು.

ಎಷ್ಟೋ ಕಾಲದ ಮೇಲೆ ಒಬ್ಬ ಬಂದ. ಬೂಟು ಫಳಫಳ ಹೊಳೆಯುತ್ತಿತ್ತು. ಕೂತವನೇ, "ಇದಕ್ಕೆ ಮೆತ್ತೆ ಹಾಕಿಸಿ" ಅಂದ. ಕುರ್ಚಿ ದಿಗಿಲುಬಿದ್ದು ನೇಗಿಲಿನತ್ತ ನೋಡಿತು.

ನೇಗಿಲಿನ ಮಣ್ಣು ತೊಳೆದು, ಚಿನ್ನದ ಬಣ್ಣ ಬಳಿದು, ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರು.