ಸಾಕ್ಷಿಗೆ ಬಂದ ಮರಿಗಳು

ಹೊಳೆ ಉಕ್ಕಿ, ಕುರಿ ಕಾಯುವ ಮಾಳವ್ವನ ಹನ್ನೆರಡು ಈದ ಕುರಿ ತೇಲಿಹೋದವು. ಪರಿಹಾರ ಕೇಳಲು ತಾಲ್ಲೂಕು ಕಚೇರಿಗೆ ಹೋದರೆ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು.

"ಹೆಣ ತೋರಿಸು."

"ಹೊಳಿ ಒಯ್ದದ್ದನ್ನ ಎಲ್ಲಿಂದ ತರ್ಲಿರಿ?"

"ಹಂಗಾದ್ರ ಎಲ್ಲೋ ಮೇಯ್ತಿರಬೇಕು. ಹೋಗು!"

ಮರುದಿನ ಮಾಳವ್ವ ಹಟ್ಟಿಯಲ್ಲೇ ಉಳಿದಿದ್ದ ಆ ಕುರಿಗಳ ಮರಿಗಳನ್ನೆಲ್ಲ ತಂದು ಕಚೇರಿಯೊಳಗೆ ಬಿಟ್ಟಳು. ಹಸಿದ ಮರಿಗೆ ಸಿಕ್ಕಿದ್ದೇ ಮೊಲೆ. ಒಂದು ಸಾಹೇಬರ ಹೆಬ್ಬೆರಳು ಚೀಪಿತು, ಇನ್ನೊಂದು ಫೈಲಿನ ದಾರ. ಸಾಹೇಬರು ಕುರ್ಚಿ ಹತ್ತಿದರು.

"ಏನವ್ವಾ ಇದು?"

"ಇವರ ಅವ್ವಂದಿರು ಎಲ್ಲೋ ಮೇಯಾಕತ್ತಾರ ಅಂದ್ರಲ್ಲರಿ. ಬದುಕಿದ್ರ ಮರಿ ದನಿ ಕೇಳಿ ಸಂಜಿಯೊಳಗ ಬರ್ತಾರ. ಅಲ್ಲೀತನಕ ಹಾಲು ನೀವ ಕುಡಿಸ್ರಿ."

ಅವಳು ಬಾಗಿಲು ದಾಟುವಷ್ಟರಲ್ಲಿ ಕುರ್ಚಿಯ ಮೇಲಿಂದ ಕೂಗು ಬಂತು.

"ನಿಲ್ಲವ್ವಾ! ಸತ್ತಾವ, ಹನ್ನೆರಡೂ ಸತ್ತಾವ! ಎಲ್ಲೈತಿ ನಿನ್ನ ಅರ್ಜಿ?"