ನಲವತ್ತು ಮೊಳದ ಜಮಖಾನ

“ಹನ್ನೆರಡು ವರ್ಷ, ವರ್ಷಕ್ಕೊಂದು ಸಲ ಕ್ಷೇತ್ರಗಳನ್ನೆಲ್ಲ ಸುತ್ತಿ ಬಂದೆ, ಒಂದು ಪ್ರದಕ್ಷಿಣೆಯನ್ನೂ ತಪ್ಪಿಸಲಿಲ್ಲ. ಆದರೂ ಮನಸ್ಸು ತುಂಬಲಿಲ್ಲ. ಹದಿಮೂರನೆಯ ಸಲ ಹೊರಡಲೇ ಗುರುಗಳೇ?” ಎಂದು ಅಡಿವೆಯ್ಯ ಕೇಳಿದ.

ಗುರುಗಳು ಒಂದು ಕತೆ ತೆಗೆದರು.

ಒಬ್ಬ ಗೃಹಸ್ಥ ಹೊಸ ಮನೆ ಕಟ್ಟಿಸಿದ್ದ. ಮಗಳ ನಿಶ್ಚಯಕ್ಕೆ ಬೀಗರು ಬರುವವರಿದ್ದರು. ಪಡಸಾಲೆಯ ನೆಲ ಪೂರ್ತಿ ಮುಚ್ಚುವಂತೆ ಜಮಖಾನ ಹಾಸಿ ಅವರನ್ನು ಕೂರಿಸಬೇಕೆಂದು ಅವನ ಆಸೆ. ಬೀಗರೋ, ಮರ್ಯಾದೆಯಲ್ಲಿ ತುಸು ಹೆಚ್ಚುಕಡಿಮೆಯಾದರೂ ಎದ್ದು ಹೋಗುವ ಪೈಕಿ. ಗೃಹಸ್ಥ ಯಾರನ್ನೂ ನಂಬದೆ ತಾನೇ ನಾಲ್ಕು ಗೋಡೆಗಳ ಬುಡಕ್ಕೂ ಹುರಿ ಹಿಡಿದು ಸುತ್ತಿದ. ಗೋಡೆಗೆ ಹತ್ತು ಮೊಳದಂತೆ ನಲವತ್ತು ಮೊಳವಾಯಿತು. ಆ ಹುರಿಯನ್ನು ದೂರದೂರಿನ ನೇಕಾರನಿಗೆ ಕೊಟ್ಟು ಕಳಿಸಿ, ಜಮಖಾನದ ಸುತ್ತಳತೆ ಇದಕ್ಕಿಂತ ಒಂದು ಬೆರಳೂ ಕಡಿಮೆಯಾಗಕೂಡದು ಎಂದು ಕಟ್ಟಪ್ಪಣೆ ಮಾಡಿದ.

ನಿಶ್ಚಯದ ದಿನ ಬೆಳಿಗ್ಗೆ ನೇಕಾರ ಜಮಖಾನ ಹೊತ್ತು ತಂದು ಬಿಚ್ಚಿದ. ಅಗಲ ಎರಡೇ ಮೊಳ, ಉದ್ದ ಹದಿನೆಂಟು. ಹತ್ತು ಮೊಳ ಒಳಗೆ ಹಿಡಿಸಿತು, ಉಳಿದದ್ದು ಬಾಗಿಲು ದಾಟಿ ಜಗಲಿಗಿಳಿಯಿತು. ಗೃಹಸ್ಥನಿಗೆ ಸಿಟ್ಟು ನೆತ್ತಿಗೇರಿತು. ಮೋಸ ಮಾಡಿದೆಯೆಂದು ಬಾಯಿಗೆ ಬಂದಂತೆ ಬೈದ. ನೇಕಾರ ಹುರಿಯನ್ನು ಅವನ ಕೈಗಿತ್ತ. ಗೃಹಸ್ಥ ಜಮಖಾನದ ಅಂಚಿಗೆ ಹುರಿ ಸುತ್ತಿ ನೋಡಿದ, ಸರಿಹೋಯಿತು. ಮತ್ತೆ ಗೋಡೆಗುಂಟ ಸುತ್ತಿದ; ಅಲ್ಲೂ ಸರಿಹೋಯಿತು. ಅವನಿಗೆ ತಲೆಬುಡ ತಿಳಿಯಲಿಲ್ಲ. ಎರಡೂ ಸರಿಯಾದ ಮೇಲೆ ನೆಲವೇಕೆ ಬರಿದು? ಹುರಿಯೇ ಹಿಗ್ಗಿತೋ, ತನ್ನ ಕಣ್ಣೇ ಮಂಜಾಯಿತೋ? ಮೂರನೆಯ ಸಲ ಗೋಡೆಗುಂಟ ಹೊರಟ.

“ಸುತ್ತು ಎಷ್ಟೆಂದು ಹೇಳಿ ಕಳಿಸಿದಿರಿ ಯಜಮಾನರೇ, ಎಷ್ಟು ಜನ ಕೂರಬೇಕೆಂದು ಹೇಳಲಿಲ್ಲ. ನನ್ನ ಮಗ್ಗದ ಅಗಲ ಎರಡು ಮೊಳ. ಹೇಳಿದ್ದರೆ ಹತ್ತು ಮೊಳದ ಐದು ಪಟ್ಟಿ ನೇಯ್ದು ಜೋಡಿಸಿ ಹೊಲಿಯುತ್ತಿದ್ದೆ,” ಎಂದ ನೇಕಾರ.

ಗೃಹಸ್ಥನ ಕಿವಿಗೆ ಅದು ಬೀಳಲೇ ಇಲ್ಲ. ಅವನಿನ್ನೂ ಮೂಲೆಯಲ್ಲಿ ಬಗ್ಗಿ ಹುರಿ ಹಿಡಿದಿರುವಾಗಲೇ ಬೀಗರು ಬಂದುಬಿಟ್ಟರು. ಒಂದು ಸಾಲು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು, ಮಿಕ್ಕವರು ನಿಂತೇ ಇದ್ದರು. ಗಂಡಿನ ತಂದೆ ಇನ್ನೊಂದು ದಿನ ನೋಡೋಣವೆಂದು ಹೊರಟುಹೋದ. ತಾಂಬೂಲ ಬದಲಾಗಲಿಲ್ಲ. ಒಳಗೆ ಹುಡುಗಿ ಅತ್ತಳು.

ಅಡಿವೆಯ್ಯನಿಗೆ ನಗು ತಡೆಯಲಾಗಲಿಲ್ಲ. “ಎಂಥ ಪೆದ್ದ! ನಡುವಿನ ನೆಲ ಬಿಟ್ಟು ಗೋಡೆಯನ್ನೇ ಸುತ್ತಿದನಲ್ಲ!” ಎಂದ.

“ಪಾಪ, ಅವನು ಸುತ್ತಿದ್ದು ಮೂರೇ ಸಲವಪ್ಪ,” ಎಂದರು ಗುರುಗಳು.